ಅಪ್ಪ ಹೇಳಬೇಕಾಗಿದ್ದ ಮಾತು

"ಆದ್ರ ಕ್ಷಮಾ ಮಾಡಿದ ಅಂತ ಎಲ್ಲಿ ಬರದಾರ್ರಿ ಮೇಡಂ?"

ಕೇಳಿದವಳು ಮೆಹನಾಜ. ಎರಡನೆಯ ಬೆಂಚಿನಲ್ಲಿ ಗೋಡೆಯ ಬದಿಗೆ ಕೂರುವ ಹುಡುಗಿ. ಕಾದಂಬರಿಯ ಕೊನೆಯ ಪುಟದ ಮೇಲೆ ಬೆರಳಿಟ್ಟುಕೊಂಡೇ ಎದ್ದು ನಿಂತಿದ್ದಳು.

ಯಶೋಧರಾ ಬೋರ್ಡಿನ ಮೇಲೆ 'ಕ್ಷಮೆ' ಎಂದು ಬರೆದು ಅದರ ಸುತ್ತ ಗೆರೆ ಎಳೆಯುತ್ತಿದ್ದಳು. ಗೆರೆಯ ಎರಡು ತುದಿಗಳನ್ನು ಕೂಡಿಸಿಯೇ ತಿರುಗಿದಳು.

"ಬರೆದಿಲ್ಲ," ಎಂದಳು. "ಬರೆಯದೆ ಬಿಟ್ಟದ್ದರಲ್ಲೇ ಅದರ ಶಕ್ತಿ ಇದೆ. ಕ್ಷಮೆ ಇಲ್ಲಿ ಮೌನದಲ್ಲಿ ಸಂಭವಿಸುತ್ತದೆ."

ಮುಂದಿನ ಸಾಲಿನವರು ಅದನ್ನು ಬರೆದುಕೊಂಡರು. ತರಗತಿಯಲ್ಲಿ ಅವಳು ಪುಸ್ತಕದ ಕನ್ನಡವನ್ನೇ ಮಾತಾಡುತ್ತಿದ್ದಳು. ಸುರಪುರದ ಈ ಕಾಲೇಜಿಗೆ ಸೇರಿದ ಮೊದಲ ದಿನ ಹಾಗೆ ಶುರುವಾದದ್ದು ಈಗ ಬಿಡಲು ಬಾರದ ಹಾಗಾಗಿತ್ತು.

ನಾಲ್ಕನೆಯ ಸೆಮಿಸ್ಟರಿಗಿದ್ದ ಆ ಕಾದಂಬರಿಯ ಕಥೆ ಸರಳವಾಗಿತ್ತು. ಒಬ್ಬ ಪೂಜಾರಿಯ ಮಗ ಗುಡಿಯ ಗಂಟೆಯನ್ನು ಕದ್ದು ಮಾರಿ ಊರು ಬಿಡುತ್ತಾನೆ. ಊರವರು ಪೂಜಾರಿಯನ್ನು ಗುಡಿಯಿಂದ ಹೊರಹಾಕುತ್ತಾರೆ. ಎಷ್ಟೋ ವರ್ಷಗಳ ಮೇಲೆ ಮಗ ಹಿಂತಿರುಗುತ್ತಾನೆ. ಮುದುಕ ಏನೂ ಕೇಳದೆ ತಂಬಿಗೆ ತಂದು ಮಗನ ಕೈಗೆ ನೀರು ಹಾಕುತ್ತಾನೆ. ಅಲ್ಲಿಗೆ ಮುಗಿಯುತ್ತದೆ. ನಂಬಿಕೆ, ಕುಟುಂಬ, ಕ್ಷಮೆ ಎಂದು ಮೂರು ತಲೆಬರಹ ಮಾಡಿಕೊಂಡು ಅವಳು ಪ್ರತಿ ವರ್ಷ ಅದನ್ನು ಪಾಠ ಮಾಡುತ್ತಿದ್ದಳು. ಮೊದಲ ಎರಡು ನಿನ್ನೆಗೆ ಮುಗಿದಿದ್ದವು.

ಮೆಹನಾಜ ಇನ್ನೂ ಕೂತಿರಲಿಲ್ಲ.

"ಹಂಗಲ್ರಿ ಮೇಡಂ. ಮಗ ತಪ್ಪಾಗ್ಯದ ಅನ್ನಲಿಲ್ಲ. ಅಪ್ಪ ಇರ್ಲಿ ಬಿಡು ಅನ್ನಲಿಲ್ಲ. ಬರೇ ನೀರ ಹಾಕ್ಯಾನ್ರಿ. ಮನಿಗಿ ಬಂದವರು ಯಾರಿದ್ರೂ ನೀರ ಹಾಕ್ತಾರಲ್ರಿ."

ತರಗತಿ ನಕ್ಕಿತು. ಯಶೋಧರಾಳೂ ನಕ್ಕಳು.

"ಪರೀಕ್ಷೆಯಲ್ಲಿ ಹೀಗೆ ಬರೆಯಬೇಡ," ಎಂದಳು.

ಅದೂ ಒಂದು ಉತ್ತರವೆಂದು ತರಗತಿ ಒಪ್ಪಿತು. ಮೆಹನಾಜ ಕೂತಳು. ಮೇಜಿನ ಮೇಲಿದ್ದ ಫೋನು ಸದ್ದಿಲ್ಲದೆ ನಡುಗುತ್ತ ಹಾಜರಿ ಪುಸ್ತಕದ ಅಂಚಿನವರೆಗೆ ಸರಿದುಬಂದಿತ್ತು. ಗಂಡ ಕಾಂತೇಶನ ಹೆಸರು. ಅವಳು ಅದನ್ನು ಬೋರಲು ಹಾಕಿ ಪಾಠ ಮುಗಿಸಿದಳು.

*

"ಮಾಮಾ ಇವತ್ತೂ ಉಣ್ಣವಲ್ಲರು," ಎಂದ ಕಾಂತೇಶ. ಅವನು ಭೀಮರಾಯನಗುಡಿಯ ನೀರಾವರಿ ಆಫೀಸಿನಲ್ಲಿ ಗುಮಾಸ್ತ. ಅವರ ಮನೆಯಲ್ಲೇ ಇದ್ದ ಮಾವನನ್ನು, ಯಶೋಧರಾಳ ಅಪ್ಪನನ್ನು, ನೋಡಿಕೊಳ್ಳಲು ಇವತ್ತು ರಜೆ ಹಾಕಿದ್ದ.

"ನಿನ್ನಿ ಹಾಲು ಕುಡದಿದ್ದ."

"ಉಗುಳಿದ್ರು. ನೀ ನೋಡಲಿಲ್ಲ."

ಅವಳು ಸ್ಟಾಫ್ ರೂಮಿನಿಂದ ಹೊರಗೆ ಬಂದು ಜಾಲಿಕಿಟಕಿಯ ಪಕ್ಕ ನಿಂತಳು.

"ಮಲ್ಲಿ ಎಲ್ಲಿ, ಮಲ್ಲಿ ಎಲ್ಲಿ ಅಂತ ಒಂದೇ ಸವನ ಕೇಳಾಕತ್ತಾರ. ಅಕಿ ಬಂದ್ರ ಉಣ್ತಾರಂತ. ನಾ ತುತ್ತು ಮಾಡಿ ಹಿಡದ್ರ ಕೈ ದೂಡಿದ್ರು."

"ಡಾಕ್ಟರ್ ಹೇಳಿದ್ದ ಗುಳಿಗಿ?"

"ಹೊಟ್ಟ್ಯಾಗ ಏನೂ ಇಲ್ದ ಹ್ಯಾಂಗ ಕೊಡ್ಲಿ?" ಕಾಂತೇಶ ಮಾತನ್ನು ತೂಗಿ ಇಟ್ಟ. "ನೀ ಹ್ಯಾಂಗೂ ಸುರಪುರದಾಗೇ ಇದ್ದೀದಿ, ಅಕ್ಕಾನ ಕರಕೊಂಡು ಬಾ. ಇಲ್ಲಂದ್ರ ನಾ ಫೋನ್ ಮಾಡ್ಲೇನು ಅಕ್ಕಾಗ?"

"ನಿಮ್ ಬಲ್ಲಿ ಅಕಿ ನಂಬರ್ ಅದ ಏನು?"

"ಅದ."

ಯಾವಾಗಿನಿಂದ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದ. ಅದಕ್ಕೇ ಕೇಳಲಿಲ್ಲ.

"ಬ್ಯಾಡ. ನಾ ಹೋಗ್ತೀನಿ," ಎಂದಳು.

*

ಅಕ್ಕ ಮಲ್ಲೇಶ್ವರಿ ಇದ್ದದ್ದು ಸುರಪುರದ ರಂಗಂಪೇಟೆಯಲ್ಲಿ. ಕಾಲೇಜಿನಿಂದ ಆಟೋದಲ್ಲಿ ಹೋದರೆ ಒಂದು ಮಾತು ಮುಗಿಯುವಷ್ಟು ದಾರಿ. ಇಷ್ಟು ವರ್ಷ ಇಬ್ಬರೂ ಒಂದೇ ಊರಿನ ಬಿಸಿಲಲ್ಲಿ ಓಡಾಡಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಯಶೋಧರಾ ಫೋನು ನೋಡುತ್ತಿದ್ದಳು. ಮಲ್ಲೇಶ್ವರಿ ಏನನ್ನೂ ನೋಡುವ ನೆಪ ಮಾಡದೆ ಸುಮ್ಮನೆ ಹಾದುಹೋಗುತ್ತಿದ್ದಳು.

ಅಪ್ಪ ಚಂದ್ರಾಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದ. ದೊಡ್ಡ ಮಗಳು ಹುಟ್ಟಿದ ಮೇಲೆ ಕಲಬುರಗಿಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ. ಬಂದವನೇ ಮನೆಯ ಜಗಲಿಯ ಮೇಲಿದ್ದ ದೇವರುಗಳನ್ನೆಲ್ಲ ಬುಟ್ಟಿಗೆ ತುಂಬಿದ. ಮಗಳಿಗೆ ಶಾಲೆಯಲ್ಲಿ ಸುಜಾತಾ ಎಂದು ಹೆಸರು ಬದಲಿಸಿ ಬರೆಸಿದ. ಆದರೆ ಕರೆಯುವಾಗ ಅವನ ಬಾಯಿಗೂ ಮಲ್ಲಿಯೇ ಬರುತ್ತಿತ್ತು. ಆಮೇಲೆ ಹುಟ್ಟಿದವಳಿಗೆ ಹೆಸರು ಬದಲಿಸುವ ತೊಂದರೆ ಬೀಳಲಿಲ್ಲ. ಯಶೋಧರಾ ಮೊದಲಿನಿಂದಲೂ ಯಶೋಧರಾಳೇ.

"ಕಾರಣ ಹೇಳು" ಎನ್ನುವುದು ಅಪ್ಪನ ಮಾತು. ಅಮಾವಾಸ್ಯೆಯ ದಿನ ತಲೆಗೆ ನೀರು ಹಾಕಿಕೊಂಡರೂ ಕಾರಣ ಹೇಳಬೇಕು. ಮಲ್ಲಿ ನಕ್ಕು ಓಡಿಹೋಗುತ್ತಿದ್ದಳು. ಯಶೋಧರಾ ನಿಂತು ಹೇಳುತ್ತಿದ್ದಳು. ಹೇಳಿದ್ದಕ್ಕೆ ಅಪ್ಪ ತಲೆಯಾಡಿಸಿದರೆ ಅಂದಿನ ದಿನ ಸಾರ್ಥಕವಾಗುತ್ತಿತ್ತು.

ಮಲ್ಲಿಯ ಮಗನಿಗೆ ಭೀಮೇಶ ಎಂದು ಹೆಸರಿಟ್ಟವನು ಅಪ್ಪನೇ. ಕೂಸಿಗೆ ಎರಡು ತುಂಬುವ ಹೊತ್ತಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬರತೊಡಗಿತು. ಕಲಬುರಗಿಯ ದವಾಖಾನೆಯವರು ಇನ್ನು ಮನೆಗೆ ಒಯ್ಯಿರಿ ಎಂದರು. ಮಲ್ಲಿ ಮನೆಗೆ ಒಯ್ಯಲಿಲ್ಲ. ನೇರವಾಗಿ ಮರಗಮ್ಮನ ಗುಡಿಗೆ ಒಯ್ದು, ಕೂಸಿನ ಹಣೆ ತುಂಬ ಭಂಡಾರ ಹಚ್ಚಿ, ಬಾಗಿಲ ಮುಂದೆ ಮಲಗಿಸಿದಳು. ಕೂಸು ಮರುದಿನ ತೀರಿಹೋಯಿತು.

ಅಪ್ಪ ಬಂದ. ತನ್ನ ಟವೆಲಿನಿಂದ ಕೂಸಿನ ಹಣೆಯ ಅರಿಶಿನವನ್ನು ಒರೆಸಿದ. ಆಮೇಲೆ ಕೂಸನ್ನು ಹೂಳಲು ತೋಡಿದ ಕುಣಿಯ ಹತ್ತಿರ, ಎಲ್ಲರೂ ಕೇಳುವಂತೆ ಮಗಳಿಗೆ ಹೇಳಿದ: "ಕರಿ ನಿನ್ನ ಮರಗಮ್ಮನ್ನ. ಎಬ್ಬಸ್ಲಿ, ನೋಡೂನು."

ಯಶೋಧರಾ ಅವನ ಪಕ್ಕದಲ್ಲೇ ನಿಂತಿದ್ದಳು. ಮಾತು ಕಠೋರವಾಯಿತು, ಆದರೆ ತಪ್ಪಲ್ಲ ಎಂದು ಅವಳಿಗೆ ಅನ್ನಿಸಿತ್ತು. ಕಠೋರವಾದದ್ದು ಮತ್ತು ತಪ್ಪಾದದ್ದು ಬೇರೆ ಬೇರೆ ಎಂದು ಅವಳು ಆಗ ನಂಬಿದ್ದಳು. ಈಗಲೂ ನಂಬಿದ್ದಳು ಎಂದೇ ಹೇಳಬೇಕು, ಏಕೆಂದರೆ ಅದನ್ನು ಮತ್ತೆ ತೆಗೆದು ನೋಡಿರಲಿಲ್ಲ.

ಮಲ್ಲಿ ಅಂದು ಹೋದವಳು ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ. ತಾಯಿ ದೇವಕಮ್ಮ ಸತ್ತಾಗ ಸ್ಮಶಾನದ ಹೊರಗೆ ನಿಂತು ಹೋದಳೆಂದು ಯಾರೋ ಹೇಳಿದರು. ಸಂಬಂಧಿಕರಲ್ಲಿ ಈ ಕಥೆ ಬೇರೆ ರೂಪದಲ್ಲಿ ಉಳಿಯಿತು: ದೊಡ್ಡವಳು ಮೂಢನಂಬಿಕೆಗೆ ಬಿದ್ದು ತಂದೆಯನ್ನು ಬಿಟ್ಟಳು, ಸಣ್ಣವಳು ಉಳಿಸಿಕೊಂಡಳು. ಯಶೋಧರಾ ಅದನ್ನು ಯಾರಿಗೂ ಹೇಳಲಿಲ್ಲ. ಯಾರಾದರೂ ಹೇಳಿದಾಗ ತಿದ್ದಲೂ ಇಲ್ಲ.

*

ಬಾಗಿಲು ತೆರೆದಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಹಗ್ಗದ ಮೇಲೆ ಹೊಲಿದು ಮುಗಿದ ಬ್ಲೌಸುಗಳು. ಗೋಡೆಯ ಮಾಡದಲ್ಲಿ ಬೆಳ್ಳಿಯ ಕಣ್ಣಿನ ಮರಗಮ್ಮ. ಮಲ್ಲೇಶ್ವರಿ ಕನ್ನಡಕದ ಮೇಲಿನಿಂದ ನೋಡಿದಳು. ಕನ್ನಡಕ ಹಾಕಿಕೊಂಡಿದ್ದಾಳೆಂಬುದೇ ಯಶೋಧರಾಳಿಗೆ ಗೊತ್ತಿರಲಿಲ್ಲ.

"ಬ್ಲೌಸ್ ಹೊಲಿಸೂದದ ಏನು?"

"ಇಲ್ಲ."

"ಮತ್ತ?"

"ಅಪ್ಪಗ ಆರಾಮಿಲ್ಲ."

ಮಲ್ಲಿಯ ಕಾಲು ಮಷೀನಿನ ಮೆಟ್ಟನ್ನು ಒತ್ತುತ್ತಲೇ ಇತ್ತು. ತೋಳಿನ ಹೊಲಿಗೆ ಒಂದು ಸುತ್ತು ಬಂದಮೇಲೆ ನಿಲ್ಲಿಸಿದಳು.

"ಬಾಳ ದಿನ ಆತಂತ ಕೇಳೀನಿ."

"ಯಾರು ಹೇಳಿದ್ರು?"

"ಹೇಳಾವ್ರು ಹೇಳ್ತಾರ." ಹಲ್ಲಿನಿಂದ ದಾರ ಕಡಿದಳು. "ಕೂಡು."

ಯಶೋಧರಾ ಕೂರಲಿಲ್ಲ.

"ಉಣ್ಣವಲ್ಲ. ನಿನ್ನ ನೆನಸ್ತಾನ."

"ನೆನಸ್ತಾನ," ಎಂದು ಮಲ್ಲಿ ಆ ಮಾತನ್ನು ಬಟ್ಟೆಯ ಹಾಗೆ ಕೈಯಲ್ಲಿ ಹಿಡಿದು ನೋಡಿದಳು. "ಏನಂತ?"

ಇಲ್ಲಿ ನಿಜ ಹೇಳಬಹುದಿತ್ತು. ಯಾದಗಿರಿಯ ಡಾಕ್ಟರು ವಿವರಿಸಿದ್ದರು: ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಆಮೇಲೆ. ಅಪ್ಪನ ತಲೆಯಲ್ಲಿ ಆ ಕುಣಿಯೂ ಇರಲಿಲ್ಲ, ಅಲ್ಲಿ ಆಡಿದ ಮಾತೂ ಇರಲಿಲ್ಲ. ಮಲ್ಲಿ ಎಲ್ಲಿ ಎಂದು ಅವನು ಕೇಳುವುದು, ಹಿತ್ತಲಿಗೆ ಹೋದ ಮಗಳು ಇನ್ನೂ ಯಾಕೆ ಬರಲಿಲ್ಲ ಎಂದು ಕೇಳುವ ಹಾಗೆ. ಇಷ್ಟು ಹೇಳಿದರೆ ಮಲ್ಲಿ ಬರಬಹುದು. ಬರದೆಯೂ ಇರಬಹುದು.

"ನಿನಗ ಏನೋ ಹೇಳೂದದಂತ," ಎಂದಳು ಯಶೋಧರಾ.

"ಏನು?"

"ನನಗ ಹೇಳಲಿಲ್ಲ. ಅಕಿಗೇ ಹೇಳ್ತೀನಿ ಅಂದ."

ಸುಳ್ಳು ಸಲೀಸಾಗಿ ಬಂತು. ಬೆಳಗಿನಿಂದ ತಾನು ಆಡಿದ ಮಾತುಗಳಲ್ಲಿ ಇದೊಂದೇ ತಡವರಿಸದೆ ಬಂದದ್ದು ಎಂದು ಅವಳಿಗೆ ಅನ್ನಿಸಿತು.

ಮಲ್ಲಿ ಮಷೀನಿನ ಮೇಲೆ ಮುಸುಕು ಹಾಕಿ ಒಳಗೆ ಹೋದಳು. ಬಚ್ಚಲಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಬೇರೆ ಸೀರೆ ಉಟ್ಟು ಹೊರಗೆ ಬಂದಾಗ ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿಗಳಿದ್ದವು, ಒಂದು ಡಬ್ಬಿಯಿತ್ತು. ಮಾಡದ ಮುಂದೆ ನಿಂತು ಹಣೆಗೆ ಭಂಡಾರ ಹಚ್ಚಿಕೊಂಡಳು. ಚಿಟಿಕೆಯಷ್ಟನ್ನು ಕಾಗದದಲ್ಲಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದಕ್ಕ ಅಂವ ಏನರೆ ಅಂದ್ರ ಅಲ್ಲಿಂದ ಹಂಗೇ ಹೊಳ್ಳಿ ಬರ್ತೀನಿ."

"ಏನೂ ಅನ್ನಂಗಿಲ್ಲ," ಎಂದಳು ಯಶೋಧರಾ. ಅಷ್ಟು ಮಟ್ಟಿಗೆ ಅದು ನಿಜವಾಗಿತ್ತು.

*

ಬಸ್ಸಿನಲ್ಲಿ ಮಲ್ಲಿ ಕಿಟಕಿಯ ಬದಿಗೆ ಕೂತಳು. ಹೊರಗೆ ಹತ್ತಿ ಬಿಡಿಸಿದ ಹೊಲಗಳು, ಬಂಡೆಗಲ್ಲಿನ ಗುಡ್ಡಗಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳವನ್ನು ಆಗಾಗ ಒತ್ತಿ ನೋಡುತ್ತಿದ್ದಳು.

"ಪುಂಡಿಪಲ್ಯ," ಎಂದಳು. "ಈಗೂ ಉಣ್ತಾನಿಲ್ಲೋ?"

"ಉಣ್ತಾನ."

"ನೀ ಮಾಡ್ತಿಯೇನು?"

"ಮಾಡ್ತೀನಿ."

ಅವಳು ಮಾಡುತ್ತಿರಲಿಲ್ಲ. ಕಾಂತೇಶ ಮಾಡುತ್ತಿದ್ದ.

ಕಂಡಕ್ಟರ್ ಹೋದ ಮೇಲೆ ಮಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು:

"ಅಂವ ತಪ್ಪಾತವ್ವಾ ಅಂದ್ರ ನಾ ಏನನ್ನಬೇಕು?"

"ಅದು ನಿನಗ ಬಿಟ್ಟಿದ್ದು."

"ನನಗೇ ಬಿಟ್ಟಿದ್ದು, ಖರೇ." ಡಬ್ಬಿಯ ಮುಚ್ಚಳವನ್ನು ಮತ್ತೆ ಒತ್ತಿದಳು. "ಮಷೀನ್ ತುಳಿಯಾಗ ದಿನಾ ಇದೇ ನೋಡು ನನಗ. ಅಂವ ಬಂದು ಬಾಗಲದಾಗ ನಿಂತಂಗ. ಒಮ್ಮೊಮ್ಮೆ ಒಳಗ ಕರೀತೀನಿ. ಒಮ್ಮೊಮ್ಮೆ ಅಂವನ ಮಾರಿ ಮ್ಯಾಲೇ ಕದಾ ಹಾಕ್ತೀನಿ. ಕದಾ ಹಾಕಿದ ದಿನ ಹೊಲಿಗಿ ಚೊಲೋ ಆಗ್ತದ."

ನಕ್ಕಳು. ಬಹಳ ವರ್ಷಗಳ ಮೇಲೆ ಕೇಳಿದ ನಗೆ. ಕಾರಣ ಹೇಳದೆ ಓಡಿಹೋಗುತ್ತಿದ್ದ ಹುಡುಗಿಯದೇ.

ಕ್ಷಮೆಯ ಪಾಠಕ್ಕೆ ಇದು ಎಷ್ಟು ಒಳ್ಳೆಯ ಉದಾಹರಣೆ ಎಂದು ಯಶೋಧರಾಳಿಗೆ ಹೊಳೆಯಿತು. ಮುಂದಿನ ವರ್ಷ ಹೆಸರು ಹೇಳದೆ ಬಳಸಿಕೊಳ್ಳಬಹುದು. ಹಾಗೆ ಹೊಳೆದದ್ದಕ್ಕೆ ನಾಚಿಕೆಯಾಗಬೇಕಿತ್ತು. ನಾಚಿಕೆ ಬರಲೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಬಸ್ಸು ಊರೊಂದರಲ್ಲಿ ನಿಂತು ಕುರಿಮರಿ ಎತ್ತಿಕೊಂಡವನೊಬ್ಬ ಹತ್ತಿದ. ಎಲ್ಲರೂ ಅವನಿಗೆ ಜಾಗ ಮಾಡಿಕೊಟ್ಟರು.

ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಭೀಮರಾಯನಗುಡಿಯ ಬಸ್ಸಿಗೆ ಕಾಯುವಾಗ ಅವಳು ಒಮ್ಮೆ ಪ್ರಯತ್ನಿಸಿದಳು.

"ಅಕ್ಕಾ, ಅಪ್ಪಗ ಮರಿವು ಬಾಳ ಆಗ್ಯದ."

"ವಯಸ್ಸಾತು. ಮರೀದೇನು ಮಾಡ್ತಾನ?"

"ಹಂಗಲ್ಲ. ಬಾಳ ಅಂದ್ರ ಬಾಳ."

"ಇರ್ಲಿ. ಹೇಳಬೇಕು ಅಂತ ಕರದಾನಲ್ಲ. ಅದೊಂದು ನೆನಪದಲ್ಲ ಅಂವಗ. ಅಷ್ಟು ಸಾಕು."

ಬಸ್ಸು ಬಂತು. ಜನ ನುಗ್ಗಿದರು. ಮಲ್ಲಿ ಡಬ್ಬಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿ, ತಂಗಿಗೂ ಒಂದು ಸೀಟು ಹಿಡಿದಳು.

*

ಕಾಂತೇಶ ಕ್ವಾರ್ಟರ್ಸಿನ ಗೇಟಿನಲ್ಲೇ ನಿಂತಿದ್ದ. "ಬರ್ರಿ ಅಕ್ಕಾ," ಎಂದು ಡಬ್ಬಿ ತೆಗೆದುಕೊಂಡ. ಇಬ್ಬರೂ ಹೊಸದಾಗಿ ಭೇಟಿಯಾದವರ ಹಾಗೆ ಇರಲಿಲ್ಲ.

ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅವನ ತಲೆಯ ಮೇಲಿನ ಗೋಡೆಗೆ ಬುದ್ಧ, ಬಾಬಾಸಾಹೇಬರು, ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಗಡಿಯಾರ. ಮಲ್ಲಿ ಹೊಸ್ತಿಲ ಒಳಗೆ ಒಂದು ಹೆಜ್ಜೆಯಿಟ್ಟು ನಿಂತಳು. ಅಪ್ಪ ತಲೆಯೆತ್ತಿದ. ಗುರುತು ಹಿಡಿಯಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಮಲ್ಲಿ, ಇಷ್ಟೊತ್ತನಕ ಎಲ್ಲಿ ಹೋಗಿದ್ದಿ?"

ನಲ್ಲಿಗೆ ಹೋಗಿ ಹೊತ್ತು ಮಾಡಿದ ಹುಡುಗಿಯನ್ನು ಬಯ್ಯುವ ದನಿ. ಮಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿದಳು.

"ಯಪ್ಪಾ," ಎಂದಳು. "ನನಗ ಏನೋ ಹೇಳೂದದ ಅಂದ್ಯಂತ."

"ಹಾಂ," ಎಂದ ಅಪ್ಪ.

ಹುಬ್ಬು ಗಂಟಿಕ್ಕಿ ಯೋಚಿಸಿದ. ಏನೋ ಇದೆ, ಇಲ್ಲೇ ಎಲ್ಲೋ ಇಟ್ಟಿದ್ದೇನೆ ಎನ್ನುವವನ ಹಾಗೆ ಕೈಯಿಂದ ಹಾಸಿಗೆಯನ್ನು ಸವರಿದ. ಕಾಂತೇಶ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. ಯಶೋಧರಾಳಿಗೂ ಒಂದು ಗಳಿಗೆ ಆಸೆ ಹುಟ್ಟಿತು. ತಾನೇ ಕಟ್ಟಿದ ಮಾತು ಅವನ ಬಾಯಿಂದ ಬಂದುಬಿಟ್ಟರೆ ಎಂದು ಅವನ ತುಟಿಯನ್ನೇ ನೋಡಿದಳು.

"ಭೀಮ್ಯಾನ್ನ ಯಾಕ ಕರಕೊಂಡು ಬರಲಿಲ್ಲ?" ಎಂದು ಕೇಳಿದ ಅಪ್ಪ.

ಮಲ್ಲಿ ತಿರುಗಿ ತಂಗಿಯನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಬಟ್ಟೆಯ ಅಳತೆ ತಪ್ಪಿದಾಗ ಮತ್ತೊಮ್ಮೆ ಟೇಪು ಹಿಡಿದು ನೋಡುವ ನೋಟ.

"ಅಂವ ಮಲಗ್ಯಾನ," ಎಂದಳು ಕೊನೆಗೆ.

"ಮಲಗ್ಲಿ, ಮಲಗ್ಲಿ. ಎಬ್ಬಸಬ್ಯಾಡ," ಎಂದ ಅಪ್ಪ.

ಮಲ್ಲಿ ಗೋಡೆಗೆ ಕೈಯಾನಿಸಿಕೊಂಡಳು. ಕಾಂತೇಶ ಮುಂದೆ ಬಂದ. ಬೇಡ ಎಂದು ಅವನಿಗೆ ಕೈ ಮಾಡಿ, ತಾನೇ ನಿಧಾನವಾಗಿ ಮಂಚದ ತನಕ ನಡೆದುಹೋದಳು. ಅಪ್ಪನ ಪಕ್ಕ ಕೂತು ರೊಟ್ಟಿಯ ಬಟ್ಟೆ ಬಿಚ್ಚಿದಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತು ಮಾಡಿ ಹಿಡಿದಳು. ಅಪ್ಪ ಬಾಯಿ ತೆರೆದ. ಹಸಿವಾಗಿತ್ತು ಅವನಿಗೆ. ಗಬಗಬ ತಿಂದ. ಗದ್ದಕ್ಕೆ ಇಳಿದದ್ದನ್ನು ಮಲ್ಲಿ ಸೆರಗಿನಿಂದ ಒರೆಸಿದಳು.

ಊಟವಾದ ಮೇಲೆ ಸೊಂಟದ ಕಾಗದ ಬಿಚ್ಚಿ ಅಪ್ಪನ ಹಣೆಗೆ ಭಂಡಾರ ಹಚ್ಚಿದಳು. ಹಚ್ಚುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ಬಯ್ಯಲಿ ಎಂದು ಕಾಯುತ್ತಿದ್ದ ಹಾಗಿತ್ತು. ಅಪ್ಪ ಕಣ್ಣು ಮುಚ್ಚಿ, ತಲೆ ಬಾಗಿಸಿ, ಸಣ್ಣ ಹುಡುಗನ ಹಾಗೆ ಹಚ್ಚಿಸಿಕೊಂಡ.

ಬಾಗಿಲ ಬಳಿ ನಿಂತಿದ್ದ ಯಶೋಧರಾ ಇದಕ್ಕೊಂದು ಹೆಸರು ಹುಡುಕುತ್ತಿದ್ದಳು. ಇಲ್ಲಿ ಏನೋ ಆಗಿತ್ತು. ಮೌನದಲ್ಲೇ ಆಗಿತ್ತು. ಆದರೆ ಬೋರ್ಡಿನ ಮೇಲೆ ಬರೆದು ಸುತ್ತ ಗೆರೆ ಎಳೆಯಬಹುದಾದಂಥದ್ದು ಅದಾಗಿರಲಿಲ್ಲ.

*

ಹಿತ್ತಲಿನ ಬಚ್ಚಲಕಲ್ಲಿನ ಮೇಲೆ ಮಲ್ಲಿ ಕೈ ತೊಳೆಯುತ್ತಿದ್ದಳು. ಯಶೋಧರಾ ಟವೆಲು ಹಿಡಿದು ನಿಂತಳು.

"ನಿನಗ ಗೊತ್ತಿತ್ತು," ಎಂದಳು ಮಲ್ಲಿ.

"ಗೊತ್ತಿತ್ತು."

"ಅಂವಗ ಏನೂ ಹೇಳೂದಿರಲಿಲ್ಲ."

"ಇಲ್ಲ. ಉಣ್ಣವಲ್ಲಾಗಿದ್ದ. ಅದಕ್ಕ..."

"ಉಣ್ಣವಲ್ಲ ಅಂತ ಅಷ್ಟೇ ಹೇಳಿದ್ರ ಬರ್ತಿದ್ದಿಲ್ಲೇನು ನಾ?"

ಯಶೋಧರಾ ಟವೆಲನ್ನು ಮುಂದೆ ಚಾಚಿದಳು. ಮಲ್ಲಿ ಅದನ್ನು ತೆಗೆದುಕೊಳ್ಳದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಈಗ ಅಂವನ ಮ್ಯಾಲ ಸಿಟ್ಟು ಮಾಡಾಕ ಬರವಲ್ದು. ಹೋಗ್ಲಿ ಬಿಡು ಅನ್ನಾಕೂ ಬರವಲ್ದು. ಯಾರಿಗಿ ಅನ್ಲಿ? ಆ ಮಾತು ಅಂದಂವ ಒಳಗಿಲ್ಲ. ಅಲ್ಲಿ ಕುಂತಾಂವ ಬ್ಯಾರೆ ಯಾರೋ. ಇಷ್ಟು ವರ್ಷ ಎದಿಯಾಗ ಹಿಡಕೊಂಡು ಕುಂತಿದ್ದೆನಲ್ಲ, ಅದನ್ನ ಎಲ್ಲಿ ಇಳಸ್ಲಿ ಹೇಳು? ಓದಿದಾಕಿ ನೀನು."

"ಅಕ್ಕಾ..."

"ಅಂವಗ ಮರಿವು ಬಂತು. ಹೋಗ್ಲಿ. ನಿನಗ ಅವತ್ತು ಏನು ಬಂದಿತ್ತು?"

ಎಷ್ಟೋ ಕಾರಣಗಳು ಒಟ್ಟಿಗೆ ಬಾಯಿಗೆ ಬಂದವು. ಎಲ್ಲವೂ ಸರಿಯಾದ ಕಾರಣಗಳೇ. ಯಶೋಧರಾ ಅವುಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಆರಿಸಿದಳು.

"ನಾ ಸಣ್ಣಾಕಿ ಇದ್ದೆ."

"ಎಂ.ಎ. ಓದಾಕತ್ತಿದ್ದಿ," ಎಂದಳು ಮಲ್ಲಿ.

ಅಷ್ಟೇ ಹೇಳಿ ಒಳಗೆ ಹೋದಳು. ಖಾಲಿ ಡಬ್ಬಿಯನ್ನು ಕಾಂತೇಶ ಆಗಲೇ ತೊಳೆದಿಟ್ಟಿದ್ದ. ಅವಳನ್ನು ಶಹಾಪುರದ ತನಕ ಬೈಕಿನಲ್ಲಿ ಬಿಟ್ಟುಬರುತ್ತೇನೆಂದ. ಮತ್ತೆ ಬರ್ತೀರಲ್ಲ ಎಂದು ಕೇಳಿದ. ಉಣ್ಣದಿದ್ರ ಹೇಳ್ರಿ, ಬರ್ತೀನಿ ಎಂದಳು ಮಲ್ಲಿ. ಅವನಿಗೆ ಹೇಳಿದಳು, ಅವನನ್ನೇ ನೋಡಿ.

ಹೊರಡುವಾಗ ಅಪ್ಪ ಅವಳ ಕೈ ಹಿಡಿದುಕೊಂಡ. ಬಾಗಿಲಲ್ಲಿ ನಿಂತ ಯಶೋಧರಾಳ ಕಡೆ ಕಣ್ಣು ಮಾಡಿ, ಕೇಳಿಸಬಾರದೆಂದು ದನಿ ತಗ್ಗಿಸಿ, ಆದರೆ ಕಿವಿ ಮಂದವಾದವರ ತಗ್ಗಿದ ದನಿಯಲ್ಲಿ ಕೇಳಿದ:

"ಮಲ್ಲಿ, ಈ ಬಾಯಾರು ಯಾರವ್ವಾ? ಆವಾಗಿಂದ ನಿಂತಾರ."

ಟೀಚರಮ್ಮನಿಗೆ ಅವನ ಶಾಲೆಯಲ್ಲಿ ಬಾಯಾರು ಎನ್ನುತ್ತಿದ್ದರು. ಅಪ್ಪ ತನ್ನನ್ನು ಹೆಸರು ಹಿಡಿದು ಕರೆದದ್ದು ಯಾವಾಗ ಎಂದು ಯಶೋಧರಾ ನೆನೆಯಲು ಹೋದಳು. ಸಿಗಲಿಲ್ಲ. ಮಾತ್ರೆ ಕೊಟ್ಟರೆ ನುಂಗುತ್ತಿದ್ದ, ಅಂಗಿ ಹಿಡಿದರೆ ತೋಳು ಚಾಚುತ್ತಿದ್ದ. ಗುರುತಿದೆ ಎಂದು ಅವಳು ಅಂದುಕೊಂಡಿದ್ದಳು.

ಮಲ್ಲಿ ತಂಗಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಒಂದು ಹೆಸರು ಹೇಳಿದ್ದರೆ ಸಾಕಿತ್ತು.

"ಕಾಲೇಜಿನ ಬಾಯಾರು," ಎಂದಳು.

ಕಾಂತೇಶ ಹೆಂಡತಿಯ ಮುಖ ನೋಡಿ, ಅತ್ತಿಗೆಯ ಮುಖ ನೋಡಿ, ಬೈಕಿನ ಕೀಲಿ ತೆಗೆದುಕೊಂಡ.

*

ಬೈಕಿನ ಸದ್ದು ಕಾಲುವೆಯ ರಸ್ತೆಯ ಕಡೆಗೆ ಹೋಗಿ ಕರಗಿತು. ಹೊತ್ತು ಮುಳುಗುತ್ತಿತ್ತು. ಯಶೋಧರಾಳ ಮಗಳು ಓದಲು ಕಲಬುರಗಿಯ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಅಪ್ಪ, ಅವಳು, ಇಬ್ಬರೇ.

ಅಪ್ಪ ಮಂಚದಿಂದ ಕಷ್ಟಪಟ್ಟು ಎದ್ದ. ಧೋತರ ಸರಿಮಾಡಿಕೊಂಡ. ಶಾಲೆಗೆ ಯಾರಾದರೂ ದೊಡ್ಡವರು ಬಂದಾಗ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತು ಎರಡೂ ಕೈ ಜೋಡಿಸಿದ. ಹಣೆಯ ಮೇಲಿನ ಅರಿಶಿನ ಒಣಗಿ ಉದುರುತ್ತಿತ್ತು.

"ನಿಂತೇ ಅದೀರಲ್ರಿ ಬಾಯಾರ. ಬರ್ರಿ, ಒಳಗ ಬರ್ರಿ. ಕೂಡ್ರಿ."

"ಅಪ್ಪಾ, ನಾನು," ಎಂದಳು ಯಶೋಧರಾ.

ಅವನು ಮರ್ಯಾದೆಯಿಂದ ಕಾದ. ಮಾತು ಮುಗಿಯಲಿ ಎಂದು ತಲೆಯನ್ನು ಸ್ವಲ್ಪ ಓರೆ ಮಾಡಿದ. ನಾನು ಎಂಬುದರ ಮುಂದೆ ಹೇಳಬೇಕಾದದ್ದು ಒಂದು ಹೆಸರು, ಒಂದು ಸಂಬಂಧ. ಎರಡೂ ಅವಳಿಗೆ ಗೊತ್ತಿದ್ದವು. ಆದರೆ ಅವನ ಮುಖದಲ್ಲಿ ಅವುಗಳನ್ನು ತೆಗೆ‌ದುಕೊಳ್ಳುವವರು ಯಾರೂ ಕಾಣಲಿಲ್ಲ.

"ಇರ್ಲಿರಿ," ಎಂದಳು. ಕೊನೆಯ 'ರಿ' ತಾನಾಗಿ ಬಂತು.

ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತು ಕಾಲೇಜಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳು ಕೂತ ಮೇಲೆಯೇ ಅಪ್ಪ ಕೂತ.

"ಯಾವೂರಾತ್ರಿ ನಿಮಗ?"

"ಇಲ್ಲೇರಿ."

"ಇಲ್ಲೇ ಅಂದ್ರ ಚೊಲೋ ಆತು ಬಿಡ್ರಿ."

ಬಂದವರನ್ನು ಬರಿದೇ ಕೂರಿಸಿದೆನಲ್ಲ ಎಂದು ಅವನಿಗೆ ಕಸಿವಿಸಿಯಾದಂತಿತ್ತು. ಒಳಗಿನ ಕಡೆ ತಿರುಗಿ ಕೂಗಿದ:

"ಯಶೋ! ಏ ಯಶೋಧರಾ! ಬಾಯಾರು ಬಂದಾರ ನೋಡು. ಚಾ ಇಡವ್ವಾ."

ಯಾರೂ ಬರಲಿಲ್ಲ.

"ಓದಕೋತ ಕುಂತಿರ್ತಾಳ್ರಿ," ಎಂದ ಅವಳಿಗೆ. ಹೇಳುವಾಗ ಮುಖ ಅರಳಿತು. "ಪುಸ್ತಕ ಹಿಡದ್ಳಂದ್ರ ಕರದದ್ದು ಕೇಳ್ಸಂಗಿಲ್ಲ ಅಕಿಗಿ. ಬಾಳ ಶಾಣ್ಯಾಕಿ. ಕೂಡ್ರಿ, ಬರ್ತಾಳ."

ಮತ್ತೆ ಕೂಗಿದ. ಅಡುಗೆಮನೆಯಲ್ಲಿ ದೀಪ ಹಾಕಿರಲಿಲ್ಲ. ಅಪ್ಪ ಆ ಬಾಗಿಲನ್ನೇ ನೋಡುತ್ತ ಕೂತ. ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವಳೂ ಅತ್ತಲೇ ನೋಡತೊಡಗಿದಳು, ಯಾರಾದರೂ ಬಂದಾರೆಂದು.